ಹಡಗು ತೂಗಿ ಬೂತಾಯಿಯ ತೂಕ ಹೇಳುವ ಲೇಸರ್

ಪಿಯುಸಿ ಲ್ಯಾಬಿನಲ್ಲಿ ನಮಗೊಂದು ಪ್ರಯೋಗ ಇತ್ತು. ಟ್ಯಾಂಜೆಂಟ್ ಗ್ಯಾಲ್ವನೋಮೀಟರ್. ತಂತಿಯ ಸುರುಳಿಯ ನಡುವೆ ಒಂದು ದಿಕ್ಸೂಚಿ. ಸುರುಳಿಗೆ ಕರೆಂಟ್ ಕೊಟ್ಟರೆ ಮುಳ್ಳು ವಾಲುತ್ತದೆ. ಎಷ್ಟು ವಾಲಿತು ಎಂದು ನೋಡಿ ನಮ್ಮ ಊರಲ್ಲಿ ಭೂಮಿಯ ಕಾಂತಕ್ಷೇತ್ರ ಎಷ್ಟಿದೆ ಎಂದು ಲೆಕ್ಕ ಹಾಕಬೇಕು. ಉತ್ತರ 38 ಮೈಕ್ರೊಟೆಸ್ಲಾದ ಆಸುಪಾಸು ಬರಬೇಕು ಎಂದು ಸೀನಿಯರ್‌ಗಳು ಮೊದಲೇ ಹೇಳಿಟ್ಟಿದ್ದರು. ನನಗೆ ಬಂದದ್ದು 52. ಮೂರು ಸಲ ಲೆಕ್ಕ ಮಾಡಿದರೂ ಅಷ್ಟೇ. ಕೊನೆಗೆ ಸರ್ ಬಂದು ನೋಡಿದರು. "ನೀನು ಕೂತದ್ದು ಎಂತದರ ಮೇಲೆ ಮಾರಾಯಾ? ಮೊದಲು ಆ ಸ್ಟೂಲ್ ಆಚೆ ಇಡು" ಅಂದರು. ಕಬ್ಬಿಣದ ಸ್ಟೂಲ್. ಆಚೆ ಇಟ್ಟ ಮೇಲೆ 41 ಬಂತು. ರೆಕಾರ್ಡಿನಲ್ಲಿ ಮಾತ್ರ 38 ಅಂತಲೇ ಬರೆದೆ, ಅದು ಬೇರೆ ಮಾತು.

ಆ ಸ್ಟೂಲ್ ಈಗ ಮತ್ತೆ ನೆನಪಾಗಲು ಕಾರಣ ಇದೆ. ಪರಮಾಣುಗಳನ್ನೇ ಅಳತೆಗೋಲು ಮಾಡಿಕೊಳ್ಳುವ ಕ್ವಾಂಟಮ್ ಸೆನ್ಸರ್ ಎಂಬ ಮಾತು ಈಚೆಗೆ ಪೇಪರಿನಲ್ಲಿ ಜಾಸ್ತಿ ಕಾಣುತ್ತಿದೆ. ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಪರಮಾಣುಗಳಿಂದ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಮಾಡಬೇಕು ಎಂದು ಅದರಲ್ಲಿ ಹೆಸರು ಹಿಡಿದೇ ಬರೆದಿದೆ. ಸೆನ್ಸರ್ ವಿಭಾಗದ ಮುಖ್ಯ ಕೇಂದ್ರ ಐಐಟಿ ಬಾಂಬೆ. ಸುದ್ದಿ ಬಂದಾಗಲೆಲ್ಲ ತಲೆಬರಹ ಒಂದೇ ಥರ: ಲೇಸರ್ ಬಿಟ್ಟು ಮೆದುಳಿನ ಕಾಂತಕ್ಷೇತ್ರ ಓದುತ್ತಾರಂತೆ, ನೀರಿನಡಿಯ ಸಬ್‌ಮರೀನ್ ಹಿಡಿಯುತ್ತಾರಂತೆ. ಸುಳ್ಳಲ್ಲ. ಆದರೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬುದನ್ನೇ ಎಲ್ಲರೂ ಬರೆಯುತ್ತಾರೆ. ಸ್ಟೂಲನ್ನು ಏನು ಮಾಡುವುದು ಎಂದು ಯಾರೂ ಬರೆಯುವುದಿಲ್ಲ. ನನ್ನ ಪ್ರಕಾರ ಈ ತಂತ್ರಜ್ಞಾನ ಲ್ಯಾಬಿನ ಬಾಗಿಲು ದಾಟಿ ಮಂಗಳೂರಿನ ಆಸ್ಪತ್ರೆಗೋ ಮಲ್ಪೆ ಬಂದರಿನ ದಕ್ಕೆಗೋ ಬರುತ್ತದಾ ಎಂಬುದು ಆ ಸ್ಟೂಲಿನ ಮೇಲೆ ನಿಂತಿದೆ.

ಮೊದಲು ಗಾತ್ರ ನೋಡಿ. ಕರಾವಳಿಯಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಮೈಕ್ರೊದ ಸಾವಿರದ ಒಂದು ಪಾಲಿನ ಅಳತೆ ನ್ಯಾನೊ, ಅದರ ಸಾವಿರದ ಒಂದು ಪಾಲು ಪಿಕೊ, ಅದರದ್ದೂ ಸಾವಿರದ ಒಂದು ಪಾಲು ಫೆಮ್ಟೊ. ನಮ್ಮ ಹೃದಯ ಬಡಿಯುವಾಗ ಎದೆಯ ಮೇಲೆ ಹುಟ್ಟುವ ಕಾಂತಕ್ಷೇತ್ರ 50ರಿಂದ 100 ಪಿಕೊಟೆಸ್ಲಾ. ಮೆದುಳಿನದ್ದು ನೂರಾರು ಫೆಮ್ಟೊಟೆಸ್ಲಾ. ಅಂದರೆ 100 ಫೆಮ್ಟೊಟೆಸ್ಲಾದ ಮೆದುಳಿನ ಸಿಗ್ನಲ್ ಭೂಮಿಯ ಕ್ಷೇತ್ರದ 40 ಕೋಟಿಯಲ್ಲಿ ಒಂದು ಪಾಲು. ಒಂದು ಬೂತಾಯಿ ಮೀನು 50 ಗ್ರಾಂ ಎಂದು ಇಟ್ಟುಕೊಳ್ಳಿ. ಅದರ 40 ಕೋಟಿ ಪಟ್ಟು ಅಂದರೆ 20 ಸಾವಿರ ಟನ್. ಪಣಂಬೂರಿನ ಬಂದರಿಗೆ ಬರುವ ಒಂದು ಹಡಗು. ಆ ಹಡಗನ್ನು ಒಮ್ಮೆ ಬೂತಾಯಿ ಇಟ್ಟು, ಒಮ್ಮೆ ತೆಗೆದು ತೂಗಿ, ಮೀನಿನ ತೂಕ ಹೇಳಿ ಅಂದ ಹಾಗಾಯಿತು. ಅದೂ ಹಡಗು ಅಲೆಯಲ್ಲಿ ಕುಣಿಯುತ್ತಿರುವಾಗ.

ಇನ್ನು ಅಳೆಯುವ ವಸ್ತು. ಪೆಪ್ಪರ್‌ಮಿಂಟಿನಷ್ಟು ದೊಡ್ಡ ಒಂದು ಗಾಜಿನ ಡಬ್ಬಿ. ಒಳಗೆ ಒಂಚೂರು ರುಬಿಡಿಯಂ. ಈ ಲೋಹ 39 ಡಿಗ್ರಿಗೇ ಕರಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಇನ್ನು ಸ್ವಲ್ಪ ಸೇರಿಸಿದರೆ ಸಾಕು, ನೀರಾಗುತ್ತದೆ. ಅತಿ ಸೂಕ್ಷ್ಮವಾದ ಸೆನ್ಸರ್‌ಗಳಲ್ಲಿ ಅದನ್ನು 150 ಡಿಗ್ರಿಯಷ್ಟು ಕಾಯಿಸಿ ಆವಿ ಮಾಡುತ್ತಾರೆ. ಆವಿಯ ಒಂದೊಂದು ಪರಮಾಣುವೂ ಒಂದು ಪುಟ್ಟ ಆಯಸ್ಕಾಂತ. ಸಾಮಾನ್ಯವಾಗಿ ಅವು ಕಂಡಕಂಡ ಕಡೆ ಮುಖ ಮಾಡಿರುತ್ತವೆ. 795 ನ್ಯಾನೊಮೀಟರಿನ ಲೇಸರ್ ಬೆಳಕನ್ನು ತಿರುಪಿನಂತೆ ಸುತ್ತುವ ಹಾಗೆ ಮಾಡಿ ಹಾಯಿಸಿದರೆ, ಶಾಲೆಯ ಅಸೆಂಬ್ಲಿಯಲ್ಲಿ ಪಿಟಿ ಮಾಸ್ಟ್ರು ಸೀಟಿ ಊದಿದ ಹಾಗೆ ಎಲ್ಲ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತವೆ. ಬೆಳಕಿನಿಂದ ಪರಮಾಣುಗಳನ್ನು ಸಾಲು ನಿಲ್ಲಿಸುವ ಈ ಉಪಾಯಕ್ಕಾಗಿಯೇ ಫ್ರಾನ್ಸಿನ ಆಲ್ಫ್ರೆಡ್ ಕಾಸ್ಟ್ಲರ್ ಅವರಿಗೆ 1966ರ ನೊಬೆಲ್ ಬಂತು.

ಸಾಲು ನಿಂತ ಪರಮಾಣುಗಳು ಕಾಂತಕ್ಷೇತ್ರದಲ್ಲಿ ಸುಮ್ನೆ ನಿಲ್ಲುವುದಿಲ್ಲ. ವೇಗ ಕಳೆದುಕೊಳ್ಳುತ್ತಿರುವ ಬುಗುರಿ ತಲೆ ತೂಗುತ್ತದಲ್ಲ, ಹಾಗೆ ತೂಗುತ್ತವೆ. ಕ್ಷೇತ್ರ ಜೋರಾದಷ್ಟೂ ತೂಗಾಟ ಬೇಗ. ಅದನ್ನು ನೋಡಲು ಇನ್ನೊಂದು ಲೇಸರ್ ಹಾಯಿಸುತ್ತಾರೆ. ಅದರ ಬೆಳಕು ಒಂದೇ ಸಮತಲದಲ್ಲಿ ಕಂಪಿಸುತ್ತಿರುತ್ತದೆ. ಆವಿಯೊಳಗಿಂದ ಹೊರಗೆ ಬರುವಾಗ ಆ ಸಮತಲ ಕೂದಲೆಳೆಯಷ್ಟು ತಿರುಗಿರುತ್ತದೆ. ಕಾಂತಶಕ್ತಿ ಬೆಳಕನ್ನು ಹೀಗೆ ತಿರುಗಿಸಬಲ್ಲದು ಎಂದು ಫ್ಯಾರಡೆ 1845ರಲ್ಲೇ ಕಂಡಿದ್ದರು. ತಿರುಗಿದ್ದನ್ನು ಅಳೆಯುವ ರೀತಿ ನನಗೆ ಬಹಳ ಇಷ್ಟ. ಬಂದ ಬೆಳಕನ್ನು ಒಂದು ಹರಳು ಎರಡು ಪಾಲು ಮಾಡುತ್ತದೆ. ತಿರುಗದಿದ್ದರೆ ಎರಡೂ ಪಾಲು ಸಮ. ತಿರುಗಿದರೆ ಒಂದು ಹೆಚ್ಚು, ಒಂದು ಕಡಿಮೆ. ಒಂದರಿಂದ ಇನ್ನೊಂದನ್ನು ಕಳೆದರೆ ಉತ್ತರ ಸಿಕ್ಕಿತು. ಲೇಸರ್ ತಾನೇ ಮಿಣುಕಿದರೆ? ಮಿಣುಕು ಎರಡೂ ಪಾಲಿಗೆ ಸಮವಾಗಿ ಹಂಚಿಹೋಗುತ್ತದೆ, ಕಳೆದಾಗ ಮಾಯ. ಹಳೆಯ ಮೀನು ಮಾರ್ಕೆಟಿನ ತಕ್ಕಡಿ ನೆನಪಿದೆಯಲ್ಲ, ಅದೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಭೂಮಿಯ ಕಾಂತಕ್ಷೇತ್ರ ಕಟ್ಟಿಟ್ಟ ಕಲ್ಲಿನಂತೆ ಒಂದೇ ಕಡೆ ನಿಲ್ಲುವುದಿಲ್ಲ. ಬಿಸಿಲೇರಿದಂತೆ ಮೇಲಿನ ವಾತಾವರಣದಲ್ಲಿ ವಿದ್ಯುತ್ ಹರಿದು ದಿನವೂ ಹತ್ತಾರು ನ್ಯಾನೊಟೆಸ್ಲಾ ಏರಿ ಇಳಿಯುತ್ತದೆ. ಕಾಂತೀಯ ಸಮಭಾಜಕ ರೇಖೆ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುವುದರಿಂದ ನಮ್ಮ ಕಡೆ ಈ ಆಟ ಇನ್ನೂ ಜೋರು. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿದ್ದೂ ಇದನ್ನೇ ಓದಲಿಕ್ಕೆ. ಈ ಏರಿಳಿತದ ಎದುರು ಮೆದುಳಿನ ಫೆಮ್ಟೊ ಯಾವ ಲೆಕ್ಕ?

ಇದಕ್ಕೆ ಮದ್ದು ಎರಡು ಡಬ್ಬಿ. ಮಲ್ಪೆ ದಕ್ಕೆಯಲ್ಲಿ ಎರಡು ಬೋಟು ಅಕ್ಕಪಕ್ಕ ಕಟ್ಟಿವೆ ಅಂದುಕೊಳ್ಳಿ. ಭರತ ಬಂದಾಗ ಎರಡೂ ಏರುತ್ತವೆ, ಇಳಿತದಲ್ಲಿ ಎರಡೂ ಇಳಿಯುತ್ತವೆ. ದಕ್ಕೆಯ ಗೋಡೆಗೆ ಗುರುತು ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ಆದರೆ ಒಂದು ಬೋಟಿಗೆ ಐಸ್ ತುಂಬಲು ಶುರು ಮಾಡಿದರೆ ಅದು ಮಾತ್ರ ಪಕ್ಕದ ಬೋಟಿಗಿಂತ ತಗ್ಗುತ್ತದೆ. ಪಕ್ಕದ ಬೋಟನ್ನು ನೋಡಿದವನಿಗೆ ಭರತ ಎಷ್ಟಿದೆ ಎಂಬುದೇ ಬೇಡ, ಐಸ್ ಎಷ್ಟು ಎಂದು ಹೇಳುತ್ತಾನೆ. ಹಾಗೆಯೇ ಒಂದು ರುಬಿಡಿಯಂ ಡಬ್ಬಿ ತಲೆಗೆ ತಾಗಿಕೊಂಡು, ಇನ್ನೊಂದು ಕೆಲವು ಸೆಂಟಿಮೀಟರ್ ಮೇಲೆ. ಭೂಮಿಯ ಏರಿಳಿತ ಎರಡಕ್ಕೂ ಒಂದೇ. ಮೆದುಳು ಹತ್ತಿರದ ಡಬ್ಬಿಗೆ ಜಾಸ್ತಿ, ದೂರದ್ದಕ್ಕೆ ಕಡಿಮೆ. ಕಳೆಯಿರಿ. ಇದಕ್ಕೆ ಗ್ರೇಡಿಯೋಮೀಟರ್ ಎಂದು ಹೆಸರು. ಉಪಾಯ ಹೊಸತೇನಲ್ಲ. 1963ರಲ್ಲಿ ಅಮೆರಿಕದ ಬೌಲೆ ಮತ್ತು ಮ್ಯಾಕ್‌ಫೀ ಹೃದಯದ ಕಾಂತಕ್ಷೇತ್ರವನ್ನು ಮೊದಲ ಸಲ ಹಿಡಿದದ್ದೂ ಹೀಗೆಯೇ: ಊರಾಚೆಯ ಬಯಲಿನಲ್ಲಿ, ಲಕ್ಷಗಟ್ಟಲೆ ಸುತ್ತು ತಂತಿ ಸುತ್ತಿದ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ.

ಹಾಗಾದರೆ ಪರಮಾಣು ಯಾಕೆ ಬೇಕು, ಸುರುಳಿಯೇ ಸಾಕಲ್ವಾ? ಇಲ್ಲಿದೆ ವಿಷಯ. ಕಳೆಯುವ ಲೆಕ್ಕ ಸರಿ ಬರಬೇಕಾದರೆ ಎರಡೂ ಅಳತೆಗೋಲು ಅಪ್ಪಟ ಒಂದೇ ಆಗಿರಬೇಕು. ಕೈಯಲ್ಲಿ ಮಾಡಿದ ಎರಡು ಸುರುಳಿ ಎಂದೂ ಪೂರ್ತಿ ಒಂದೇ ಥರ ಇರುವುದಿಲ್ಲ. ಪರಮಾಣುಗಳು ಹಾಗಲ್ಲ. ರುಬಿಡಿಯಂ-87 ಉಡುಪಿಯಲ್ಲಿದ್ದರೂ ಅಷ್ಟೇ, ಅಮೆರಿಕದಲ್ಲಿದ್ದರೂ ಅಷ್ಟೇ, ಒಂದು ನ್ಯಾನೊಟೆಸ್ಲಾಕ್ಕೆ ಸೆಕೆಂಡಿಗೆ ಸುಮಾರು 7 ಸಲ ತಲೆ ತೂಗುತ್ತದೆ. ನಮ್ಮ ಊರಿನ 40 ಮೈಕ್ರೊಟೆಸ್ಲಾದಲ್ಲಿ ಸೆಕೆಂಡಿಗೆ 2 ಲಕ್ಷ 80 ಸಾವಿರ ಸಲ. ಕಾರ್ಖಾನೆಯಲ್ಲಿ ಕೂತು ಹೊಂದಿಸಬೇಕಾದ್ದಿಲ್ಲ, ಪ್ರಕೃತಿಯೇ ಹೊಂದಿಸಿ ಕಳುಹಿಸಿದೆ.

ಇನ್ನೊಂದು ಲಾಭ ಸಮುದ್ರದ ಮೇಲೆ ಗೊತ್ತಾಗುತ್ತದೆ. ಸಾಮಾನ್ಯ ಮ್ಯಾಗ್ನೆಟೋಮೀಟರ್ ಒಂದು ದಿಕ್ಕಿನ ಕ್ಷೇತ್ರ ಮಾತ್ರ ನೋಡುತ್ತದೆ. ಅಂಥವು ಎರಡು ಜೋಡಿಸಿ, ಒಂದು ಇನ್ನೊಂದಕ್ಕಿಂತ ಬರೀ 0.1 ಡಿಗ್ರಿ ವಾಲಿದ್ದರೂ 40 ಸಾವಿರ ನ್ಯಾನೊಟೆಸ್ಲಾದ ಭೂಮಿಯ ಕ್ಷೇತ್ರದಲ್ಲಿ 70 ನ್ಯಾನೊಟೆಸ್ಲಾದಷ್ಟು ಸುಳ್ಳು ವ್ಯತ್ಯಾಸ ಕಾಣಿಸಬಹುದು. ಬೋಟು ಹೊಯ್ದಾಡಿದಾಗಲೆಲ್ಲ ಅದು ಬದಲಾಗುತ್ತದೆ. ಪರಮಾಣು ತಲೆ ತೂಗುವ ವೇಗ ಮಾತ್ರ ಒಟ್ಟು ಕ್ಷೇತ್ರವನ್ನು ಹೇಳುತ್ತದೆ, ಡಬ್ಬಿ ಯಾವ ಕಡೆ ವಾಲಿದರೂ ಹೆಚ್ಚುಕಮ್ಮಿ ಅದೇ. ಹೆಚ್ಚುಕಮ್ಮಿ ಎಂದದ್ದು ಬೇಕೆಂದೇ. ಲೇಸರ್ ಮತ್ತು ಕ್ಷೇತ್ರದ ನಡುವಿನ ಕೋನ ಕೆಲವು ಕಡೆ ಸಿಕ್ಕಿಬಿದ್ದರೆ ಸಿಗ್ನಲ್ ಸತ್ತೇಹೋಗುತ್ತದೆ. ಯುರೋಪಿನಲ್ಲಿ ಭೂಮಿಯ ಕ್ಷೇತ್ರ ನೆಲಕ್ಕೆ ಕಡಿದಾಗಿ ಇಳಿಯುತ್ತದೆ, ನಮ್ಮಲ್ಲಿ ಬಹುಮಟ್ಟಿಗೆ ಅಡ್ಡ ಮಲಗಿ ಉತ್ತರಕ್ಕೆ ಹೋಗುತ್ತದೆ. ಅಲ್ಲಿಗೆ ಹೊಂದಿಸಿದ ಯಂತ್ರವನ್ನು ತಂದು ಇಲ್ಲಿ ಹಾಗೆಯೇ ಇಟ್ಟರೆ ಕೆಲಸ ಮಾಡೀತು ಎಂದು ನಂಬುವಂತಿಲ್ಲ.

ಈಗ ಆಸ್ಪತ್ರೆಯ ಕಡೆ ಬರೋಣ. ಮೆದುಳಿನ ಕಾಂತಕ್ಷೇತ್ರ ನೋಡಿ ಅಪಸ್ಮಾರ ಮೆದುಳಿನ ಯಾವ ಮೂಲೆಯಿಂದ ಶುರುವಾಗುತ್ತದೆ ಎಂದು ಹುಡುಕುವ ಯಂತ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದೆ. ಹಳೆಯ ತಂತ್ರಜ್ಞಾನದ ಆ ಸೆನ್ಸರ್‌ಗಳಿಗೆ ಸ್ಕ್ವಿಡ್ ಎಂದು ಹೆಸರು. ಅವು ಕೆಲಸ ಮಾಡಬೇಕಾದರೆ ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ಮುಳುಗಿರಬೇಕು. ಹೀಲಿಯಂ ನಮಗೆ ಹೊರದೇಶದಿಂದಲೇ ಬರಬೇಕು. ತಲೆ ಇಡುವ ಹೆಲ್ಮೆಟ್ ದೊಡ್ಡವರ ಅಳತೆಗೆ ಮಾಡಿದ್ದು, ಮಗುವಿನ ತಲೆ ಒಳಗೆ ಅಲ್ಲಾಡುತ್ತದೆ. ರುಬಿಡಿಯಂ ಡಬ್ಬಿಗೆ ಹೀಲಿಯಂ ಬೇಡ. 2003ರಲ್ಲಿ ಪ್ರಿನ್ಸ್‌ಟನ್‌ನ ಮೈಕೆಲ್ ರೋಮಾಲಿಸ್ ತಂಡ ಒಂದು ಫೆಮ್ಟೊಟೆಸ್ಲಾಕ್ಕಿಂತಲೂ ಕಡಿಮೆ ಹಿಡಿಯುವ ಪರಮಾಣು ಸೆನ್ಸರ್ ತೋರಿಸಿತು. 2018ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು ಅಂಥ ಡಬ್ಬಿಗಳನ್ನು ತಲೆಗೆ ಹಾಕುವ ಅಚ್ಚಿನಲ್ಲಿ ಕೂರಿಸಿದರು. ಹಾಕಿಕೊಂಡವರು ತಲೆ ಅಲ್ಲಾಡಿಸಿದರು, ಚಾ ಕುಡಿದರು, ಚೆಂಡು ಆಡಿದರು. ಮೆದುಳಿನ ಸಿಗ್ನಲ್ ಬರುತ್ತಲೇ ಇತ್ತು.

ಫೋಟೊ ಎಲ್ಲ ಕಡೆ ಬಂತು. ಆದರೆ ಆ ಚಾ ಕುಡಿದದ್ದು ಎಲ್ಲಿ ಎಂಬುದು ಕಡಿಮೆ ಜನಕ್ಕೆ ಗೊತ್ತು. ಹೊರಗಿನ ಕಾಂತಕ್ಷೇತ್ರ ಒಳಗೆ ಬಾರದ ಹಾಗೆ ನಿಕ್ಕಲ್ ಮತ್ತು ಕಬ್ಬಿಣದ ಮಿಶ್ರಲೋಹದ ಪದರ ಹೊದಿಸಿದ ಕೋಣೆಯೊಳಗೆ. ಆ ಜಾತಿಯ ಸೆನ್ಸರ್ ಕ್ಷೇತ್ರ ಸೊನ್ನೆಯ ಹತ್ತಿರ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ಹೀಲಿಯಂ ಹೋಯಿತು, ಕೋಣೆ ಉಳಿಯಿತು. ದುಡ್ಡು ಹೋಗುವುದು ಆ ಕೋಣೆಗೆ. ಅದಕ್ಕೇ ನನಗೆ 2020ರ ಕೆಲಸ ದೊಡ್ಡದು ಅನಿಸುತ್ತದೆ. ರೋಮಾಲಿಸ್ ಅವರೂ ಇದ್ದ ಒಂದು ತಂಡ ಕೋಣೆಯೇ ಇಲ್ಲದೆ, ಭೂಮಿಯ ಕ್ಷೇತ್ರದಲ್ಲೇ, ಹತ್ತಿರ ಹತ್ತಿರ ಇಟ್ಟ ಎರಡು ರುಬಿಡಿಯಂ ಡಬ್ಬಿಗಳ ವ್ಯತ್ಯಾಸದಿಂದ ಮೆದುಳು ಶಬ್ದಕ್ಕೆ ಪ್ರತಿಕ್ರಿಯಿಸುವುದನ್ನು ಹಿಡಿಯಿತು. ಸುದ್ದಿ ಅಷ್ಟು ಆಗಲಿಲ್ಲ. ಚಾ ಕುಡಿಯುವ ಫೋಟೊ ಇರಲಿಲ್ಲ ನೋಡಿ.

ಗದ್ದಲದಿಂದ ಓಡಿಹೋಗುವುದು ನಮ್ಮ ದೇಶದಲ್ಲೂ ಹಳೆಯ ಕತೆ. ಮುಂಬೈಯ ಕೊಲಾಬಾದಲ್ಲಿ 1841ರಿಂದ ಭೂಮಿಯ ಕಾಂತಕ್ಷೇತ್ರ ಅಳೆಯುತ್ತಿದ್ದರು. ಊರಿಗೆ ಕರೆಂಟಿನ ಟ್ರಾಮ್ ಬರುತ್ತದೆ ಎಂದಾಯಿತು. ಟ್ರಾಮ್ ಓಡಿದರೆ ಮುಳ್ಳು ಕುಣಿಯುತ್ತದೆ. 1904ರಲ್ಲಿ ವೀಕ್ಷಣಾಲಯವೇ ಕಡಲಾಚೆಯ ಅಲಿಬಾಗಿಗೆ ಹೋಯಿತು. ಎರಡು ವರ್ಷ ಎರಡೂ ಕಡೆ ಒಟ್ಟಿಗೆ ಅಳೆದು, ಎರಡರ ವ್ಯತ್ಯಾಸ ಬರೆದುಕೊಂಡು, ಆಮೇಲೆ ಹಳೆಯದನ್ನು ಬಿಟ್ಟರು. ಇಂದಿಗೂ ಅಲಿಬಾಗಿನಲ್ಲಿ ಅಳತೆ ನಡೆಯುತ್ತಿದೆ.

ಆಸ್ಪತ್ರೆ ಅಲಿಬಾಗಿಗೆ ಓಡುವಂತಿಲ್ಲ. ರೋಗಿ ಇರುವಲ್ಲೇ ಯಂತ್ರ ಇರಬೇಕು. ಕೊಂಕಣ ರೈಲ್ವೆ 2022ರಲ್ಲಿ ಪೂರ್ತಿ ಕರೆಂಟಿಗೆ ಬಂತು. ತೋಕೂರಿನಿಂದ ಇಂದ್ರಾಳಿ ದಾಟಿ ಉತ್ತರಕ್ಕೆ ಹೋಗುವ ಹಳಿಯ ಮೇಲೆ 25 ಸಾವಿರ ವೋಲ್ಟಿನ ತಂತಿ. ಮೊದಲಿಗೆ ನಾನೂ ಇದೇ ದೊಡ್ಡ ತಲೆನೋವು ಅಂದುಕೊಂಡಿದ್ದೆ. ಅಲ್ಲ. ಒಂದು ಕಿಲೋಮೀಟರ್ ಆಚೆಯ ರೈಲು ಎರಡೂ ಡಬ್ಬಿಗೆ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತದೆ. ಅದು ಭರತದ ಹಾಗೆ, ಕಳೆದರೆ ಹೋಗುತ್ತದೆ. ಹೋಗದೇ ಇರುವುದು ಹತ್ತಿರದ್ದು. ಗೋಡೆಯಾಚೆಯ ಲಿಫ್ಟು, ವಾರ್ಡಿನ ಕಬ್ಬಿಣದ ಮಂಚ, ಸಿಸ್ಟರ್ ಜೇಬಿನಲ್ಲಿರುವ ಮೊಬೈಲು. ಇವು ಒಂದು ಡಬ್ಬಿಗೆ ಜಾಸ್ತಿ, ಇನ್ನೊಂದಕ್ಕೆ ಕಡಿಮೆ, ಥೇಟ್ ಮೆದುಳಿನ ಹಾಗೆಯೇ. ಮನೆಯಲ್ಲೇ ನೋಡಬಹುದು. ಮೊಬೈಲಿನಲ್ಲಿ ಕಾಂತಕ್ಷೇತ್ರ ತೋರಿಸುವ ಆ್ಯಪ್ ಹಾಕಿ ಊಟದ ಮೇಜಿನ ಮೇಲಿಟ್ಟೆ, 41 ತೋರಿಸಿತು. ಕಾಯಿ ತುರಿಯುವ ಹೆರೆಮಣೆಯ ಪಕ್ಕ ಇಟ್ಟೆ, 70 ದಾಟಿತು. ಒಂದು ಗೇಣು ಈಚೆ ತಂದೆ, ಮತ್ತೆ 42. ಗೇಣಿನಷ್ಟು ದೂರ ಎಲ್ಲವನ್ನೂ ಬದಲಿಸುತ್ತದೆ.

ಹಾಗಾಗಿ ನನ್ನ ಅಂದಾಜು: ನಮ್ಮ ಆಸ್ಪತ್ರೆಗಳಿಗೆ ಮೊದಲು ಬರುವುದು ಹೃದಯದ ಯಂತ್ರ, ಮೆದುಳಿನದ್ದಲ್ಲ. ಹೃದಯದ ಸಿಗ್ನಲ್ ನೂರಾರು ಪಟ್ಟು ದೊಡ್ಡದು, ಒಂದೆರಡು ಕಬ್ಬಿಣದ ಮಂಚ ತಡೆದುಕೊಳ್ಳುತ್ತದೆ. ಮೆದುಳಿನ ಯಂತ್ರ ಬೇಕು ಎನ್ನುವವರು ಯಂತ್ರದ ಕ್ಯಾಟಲಾಗ್ ತರಿಸುವ ಮೊದಲು ಲಿಫ್ಟಿನಿಂದ ದೂರ ಇರುವ ಒಂದು ಕೋಣೆ ಹುಡುಕಲಿ.

ಕಡಲಿನ ಲೆಕ್ಕ ಬೇರೆ. 2022ರ ಜೂನ್‌ನಲ್ಲಿ ಉಳ್ಳಾಲದ ಹತ್ತಿರ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿದ್ದು ಇಲ್ಲಿನವರಿಗೆ ನೆನಪಿರುತ್ತದೆ. ಹಡಗಿನಲ್ಲಿದ್ದ ಸಿರಿಯಾದ 15 ಮಂದಿಯನ್ನು ಕೋಸ್ಟ್ ಗಾರ್ಡ್ ಉಳಿಸಿತು. ಒಳಗೆ ಸುಮಾರು 8,000 ಟನ್ ಉಕ್ಕಿನ ಸುರುಳಿ ಇತ್ತು. ಅಷ್ಟು ಉಕ್ಕು ಎಷ್ಟು ದೂರಕ್ಕೆ ಕಾಣುತ್ತದೆ? ಸರ್ವೆ ಮಾಡುವವರು ಬಳಸುವ ಒರಟು ಲೆಕ್ಕ ಒಂದಿದೆ: ಒಂದು ಟನ್ ಕಬ್ಬಿಣ 10 ಮೀಟರ್ ದೂರದಲ್ಲಿ ಸುಮಾರು 10 ನ್ಯಾನೊಟೆಸ್ಲಾ. ದೂರ ಹತ್ತು ಪಟ್ಟಾದರೆ ಕ್ಷೇತ್ರ ಸಾವಿರದ ಒಂದು ಪಾಲಿಗೆ ಇಳಿಯುತ್ತದೆ. ಆ ಲೆಕ್ಕದಲ್ಲಿ 8,000 ಟನ್ ಉಕ್ಕು 100 ಮೀಟರಿನಲ್ಲಿ 80 ನ್ಯಾನೊಟೆಸ್ಲಾ. ಒಂದು ಕಿಲೋಮೀಟರಿನಲ್ಲಿ? ಬರೀ 0.08. ಎಂಟು ಸಾವಿರ ಟನ್ ಉಕ್ಕು ಒಂದು ಕಿಲೋಮೀಟರಿಗೆ ಇಲ್ಲವೇ ಇಲ್ಲ ಎಂಬಷ್ಟು ಕರಗಿಹೋಯಿತು.

ಇಲ್ಲೇ ಕಳೆಯುವ ಲೆಕ್ಕದ ಬೆಲೆ ತಿಳಿಯುವುದು. ಕಳೆದರೆ ಗದ್ದಲ ಹೋಗುತ್ತದೆ, ಜೊತೆಗೆ ಬೇಕಾದ್ದೂ ಬಹುಪಾಲು ಹೋಗುತ್ತದೆ. ಒಂದು ಮೀಟರ್ ಅಂತರದ ಎರಡು ಸೆನ್ಸರ್ ಇಟ್ಟರೆ, ಒಂದು ಕಿಲೋಮೀಟರ್ ಆಚೆಯ ಆ ಹಡಗು ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಉಳಿಯುವ ವ್ಯತ್ಯಾಸ 240 ಫೆಮ್ಟೊಟೆಸ್ಲಾದಷ್ಟು. ಮೆದುಳಿನ ಸಿಗ್ನಲಿನ ಸಮ! ಸೆನ್ಸರ್ ಫೆಮ್ಟೊಟೆಸ್ಲಾ ಹಿಡಿಯಬೇಕು ಎಂದು ವಿಜ್ಞಾನಿಗಳು ಹಠ ಹಿಡಿಯುವುದು ಸುಮ್ನೆ ದಾಖಲೆಗಲ್ಲ. ಕಳೆದು ಉಳಿದ ಚಿಲ್ಲರೆಯಲ್ಲೂ ಏನಾದರೂ ಕಾಣಬೇಕಲ್ಲ, ಅದಕ್ಕೆ. ಸಬ್‌ಮರೀನ್ ಹುಡುಕುವ ನಮ್ಮ ನೌಕಾಪಡೆಯ ಪಿ-8ಐ ವಿಮಾನದ ಬಾಲದಲ್ಲೂ ಮ್ಯಾಗ್ನೆಟೋಮೀಟರ್ ಇದೆ. ಆದರೂ ಅದು ಹತ್ತಿರ ಬಂದ ಮೇಲೆ ಖಚಿತ ಮಾಡಿಕೊಳ್ಳುವ ಸಾಧನ, ಇಡೀ ಅರಬ್ಬಿ ಕಡಲನ್ನು ಜಾಲಾಡುವ ಸಾಧನ ಅಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟು ಏಳು ಮಂದಿಯ ಸಮೇತ ಕಾಣೆಯಾದ ಸುವರ್ಣ ತ್ರಿಭುಜ ಬೋಟನ್ನು ನೌಕಾಪಡೆ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕಡಲಲ್ಲಿ, 60 ಮೀಟರ್ ಆಳದ ಸುಮಾರಿನಲ್ಲಿ ಪತ್ತೆ ಮಾಡಿತು. ಪರಮಾಣು ಸೆನ್ಸರ್ ಇದ್ದಿದ್ದರೆ ಮೊದಲ ವಾರವೇ ಸಿಗುತ್ತಿತ್ತು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಕಳೆದರೂ ಹೋಗದ ಗದ್ದಲ ಕಡಲಲ್ಲೂ ಇದೆ. ಒಂದು, ತಳದ ಕಲ್ಲು. ಕುದುರೆಮುಖದಲ್ಲಿ 2005ರವರೆಗೆ ತೆಗೆಯುತ್ತಿದ್ದ ಅದಿರು ಮ್ಯಾಗ್ನೆಟೈಟ್, ಹೆಸರಲ್ಲೇ ಆಯಸ್ಕಾಂತ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳೂ ಎಂಟೂವರೆ, ಒಂಬತ್ತು ಕೋಟಿ ವರ್ಷದ ಹಿಂದೆ ತಣಿದಾಗಿನ ಕಾಂತಕ್ಷೇತ್ರವನ್ನು ಒಳಗೆ ಹಿಡಿದಿಟ್ಟುಕೊಂಡಿವೆ. ಇಂಥ ಕಲ್ಲಿನ ಮೇಲೆ ಹೋದರೆ ಎರಡು ಡಬ್ಬಿಯ ನಡುವೆ ನಿಜವಾದ ವ್ಯತ್ಯಾಸವೇ ಇರುತ್ತದೆ. ಇನ್ನೊಂದು, ಅಲೆ. ಉಪ್ಪುನೀರು ವಿದ್ಯುತ್ ಹರಿಸುತ್ತದೆ. ಭೂಮಿಯ ಕ್ಷೇತ್ರದಲ್ಲಿ ಅದು ಅಲ್ಲಾಡಿದರೆ ತಾನೇ ಕಾಂತಕ್ಷೇತ್ರ ಹುಟ್ಟಿಸುತ್ತದೆ. ದೊಡ್ಡ ಅಲೆಯ ಹತ್ತಿರ ಅದು ಒಂದು ನ್ಯಾನೊಟೆಸ್ಲಾದ ಆಸುಪಾಸಿಗೂ ಹೋಗುತ್ತದೆ.

ಹತ್ತಿರದ ಕೆಲಸಕ್ಕೆ ಮಾತ್ರ ಇದು ಚೆನ್ನಾಗಿ ಒದಗುತ್ತದೆ. 2025ರ ಮೇ 25ರಂದು ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಹಡಗು 640 ಕಂಟೇನರ್ ಹೊತ್ತು ಮುಳುಗಿತಲ್ಲ, ಆಗಿನಿಂದ ಈ ಕಡೆಯ ಬೋಟಿನವರಿಗೂ ಅದೇ ಯೋಚನೆ. ತಳದಲ್ಲಿ ಕೂತ ಒಂದು ಕಂಟೇನರಿಗೆ ಬಲೆ ಸಿಕ್ಕಿದರೆ ಬಲೆಯೇ ಹೋಯಿತು. ಖಾಲಿ ಕಂಟೇನರ್ ಸುಮಾರು ಎರಡು ಟನ್ ಉಕ್ಕು. ಅದೇ ಒರಟು ಲೆಕ್ಕದಲ್ಲಿ 10 ಮೀಟರ್ ಹತ್ತಿರ ಹೋದರೆ 20 ನ್ಯಾನೊಟೆಸ್ಲಾ, ಕಣ್ಣಿಗೆ ಹೊಡೆಯುವಷ್ಟು. ಹೂಳಿನಡಿ ಹೂತಿದ್ದರೂ ಕಾಣುತ್ತದೆ, ಏಕೆಂದರೆ ಕಾಂತಕ್ಷೇತ್ರಕ್ಕೆ ಕೆಸರೂ ಒಂದೇ, ನೀರೂ ಒಂದೇ. ಬೋಟೇ ಕಬ್ಬಿಣದ್ದಾದ್ದರಿಂದ ಸೆನ್ಸರನ್ನು ಬೋಟಿನ ಉದ್ದದ ಮೂರು ನಾಲ್ಕು ಪಟ್ಟು ಹಿಂದೆ, ತಳದ ಹತ್ತಿರ, ರೋಪು ಕಟ್ಟಿ ಎಳೆಯಬೇಕು.

ಇದನ್ನೆಲ್ಲ ಮಲ್ಪೆಯಲ್ಲಿ ಪರಿಚಯದ, ಬೋಟು ನಡೆಸುವ ಒಬ್ಬ ತಂಡೇಲರಿಗೆ ವಿವರಿಸಿದೆ. ಬಲೆ ಹೊಲಿಯುತ್ತಲೇ ಕೇಳಿದರು. "ಕಲ್ಲಿಗೂ ಕಂಟೇನರಿಗೂ ವ್ಯತ್ಯಾಸ ಹೇಳ್ತದಾ ಅದು?" ಸಾಮಾನ್ಯ ಕಲ್ಲಾದರೆ ಹೇಳುತ್ತದೆ, ಕಾಂತ ಹಿಡಿದಿಟ್ಟ ಕಲ್ಲಾದರೆ ಇಲ್ಲ, ಆಕಾರ ನೋಡಲು ಶಬ್ದ ಬಿಟ್ಟು ನೋಡುವ ಸೋನಾರ್ ಬೇಕು ಅಂದೆ. "ಮೀನು ಹಿಡಿಯುವಾಗ ಒಟ್ಟಿಗೇ ಎಳಿಲಿಕ್ಕೆ ಆಗ್ತದಾ?" ಆಗುವುದಿಲ್ಲ. ಟ್ರಾಲ್ ಬಲೆಯ ಬಾಯಿ ಅಗಲಿಸುವ ಬೋರ್ಡುಗಳಲ್ಲೇ ಕಬ್ಬಿಣ ಇದೆ, ನನ್ನ ಪಿಯುಸಿ ಸ್ಟೂಲಿನ ಹಾಗೆ. ಬಲೆ ಇಲ್ಲದೆ ಬೇರೆಯಾಗಿಯೇ ಹೋಗಬೇಕು. "ಬಲೆ ಹಾಕದೆ ಬರೀ ಡೀಸೆಲ್ ಸುಡ್ಲಿಕ್ಕೆ ಯಾರು ಹೋಗ್ತಾರೆ ಮಾರಾಯ್ರೆ?" ಅಂದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ, ಬೋಟುಗಳು ದಕ್ಕೆಯಲ್ಲಿ ಖಾಲಿ ಇರುತ್ತವಲ್ಲ, ಆಗ ಸರ್ಕಾರ ಬಾಡಿಗೆಗೆ ತೆಗೆದುಕೊಂಡರೆ ಎಂದು ಕೇಳಿದೆ. ಅವರು ಮಾತಾಡದೆ ಕಡಲಿನ ಕಡೆ ಕೈ ತೋರಿಸಿದರು. ಆ ಎರಡು ತಿಂಗಳೇ ಕಡಲು ಎದ್ದು ನಿಲ್ಲುವುದು. ಅಲೆಯ ನ್ಯಾನೊಟೆಸ್ಲಾ ಜಾಸ್ತಿ ಇರುವುದೂ ಆಗಲೇ.